ವೈರಿಂಗ್ ಮಾವಶಿ

ಅವರ ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳಿನ ತುದಿ ಹೊಳೆಯ ಕಲ್ಲಿನಷ್ಟು ನುಣುಪಾಗಿದ್ದವು. ಗೆರೆ ಎಂಬುದೇ ಇರಲಿಲ್ಲ. ರೇಷನ್ ಅಂಗಡಿಯ ಬೆರಳೊತ್ತುವ ಯಂತ್ರ ಅವರನ್ನು ಒಂದೇ ಸಲಕ್ಕೆ ಗುರುತು ಹಿಡಿದದ್ದನ್ನು ನಾನು ಕಂಡಿಲ್ಲ. ಅಂಗಡಿಯವನು ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಕೈ ಈ ಕೈ ಎಂದು ಹತ್ತೂ ಬೆರಳು ಒತ್ತಿಸಿ ಸುಸ್ತಾದ ಮೇಲೆ ಎಡಗೈಯ ಕಿರುಬೆರಳಿಗೆ ಹಸಿರು ದೀಪ ಹತ್ತುತ್ತಿತ್ತು. ಸಾಲಿನಲ್ಲಿ ಹಿಂದೆ ನಿಂತವರು ಗೊಣಗಿದರೆ ಮರಾಠಿಯಲ್ಲಿ ಏನೋ ಹೇಳಿ ನಗಿಸುತ್ತಿದ್ದರು. ಆಮೇಲೆ ನನ್ನ ಕಡೆ ತಿರುಗಿ ಅದನ್ನೇ ಕನ್ನಡದಲ್ಲಿ ಹೇಳುತ್ತಿದ್ದರು: "ನನ್ನ ಬೆರಳು ಚಾಕಣದಾಗ ಬಿಟ್ಟು ಬಂದೀನಿ ತಮ್ಮಾ. ಇಲ್ಲಿ ಎಲ್ಲಿಂದ ತರ್ಲಿ?"

ಎಲ್ಲರೂ ಅವರನ್ನು ಮಾವಶಿ ಎನ್ನುತ್ತಿದ್ದರು. ಮರಾಠಿಯಲ್ಲಿ ಹಾಗೆಂದರೆ ತಾಯಿಯ ತಂಗಿ; ವಿಜಯಪುರದ ಕಡೆಯವನಾದ ನನ್ನ ಮನೆಯಲ್ಲೂ ಅದೇ ಮಾತು. ನಮ್ಮ ಗಲ್ಲಿಯಲ್ಲಿ ಹತ್ತಾರು ಮಾವಶಿಯರಿದ್ದುದರಿಂದ ಇವರನ್ನು ವೈರಿಂಗ್ ಮಾವಶಿ ಎಂದು ಬೇರೆ ಮಾಡಿದ್ದರು. ಪುಣೆ ಹತ್ತಿರದ ಚಾಕಣದ ಒಂದು ಕಾರ್ಖಾನೆಯಲ್ಲಿ ಅವರು ಇಪ್ಪತ್ತೆರಡು ವರ್ಷ ಕಾರುಗಳ ವೈರಿಂಗ್ ಹೆಣೆದಿದ್ದರು. ಬಾಗಿಲಿನಷ್ಟು ದೊಡ್ಡ ಹಲಗೆ, ಅದರ ಮೇಲೆ ಮೊಳೆಗಳು. ಕೆಂಪು, ಹಳದಿ, ಹಸಿರು ತಂತಿಗಳನ್ನು ಮೊಳೆಯಿಂದ ಮೊಳೆಗೆ ಎಳೆದು, ಕಟ್ಟಿ, ಟೇಪು ಸುತ್ತಿ, ತುದಿಯ ಪಿನ್ನುಗಳನ್ನು ಬೆರಳಿನಿಂದ 'ಕಟ್' ಎನ್ನುವವರೆಗೆ ಒತ್ತಬೇಕು. ಬೆರಳಿನ ಗೆರೆಗಳು ಆ ಪಿನ್ನುಗಳ ಮೇಲೆ ಸವೆದು ಹೋಗಿದ್ದವು. ಕೊನೆಯ ಕೆಲವು ವರ್ಷ ಅವರನ್ನು ಪರೀಕ್ಷೆಯ ಮೇಜಿಗೆ ಹಾಕಿದ್ದರಂತೆ. ಹೆಣೆದು ಬಂದ ವೈರಿಂಗನ್ನು ಮೇಜಿಗೆ ಜೋಡಿಸಿ, ಯಾವ ದೀಪ ಹತ್ತಲಿಲ್ಲ, ಯಾಕೆ ಹತ್ತಲಿಲ್ಲ ಎಂದು ಹುಡುಕುವ ಕೆಲಸ. ಆಮೇಲೆ ಕಾರ್ಖಾನೆಯವರು ಆ ಕೆಲಸವನ್ನೇ ಬೇರೆ ರಾಜ್ಯಕ್ಕೆ ಒಯ್ದರು. ಹೆಂಗಸರನ್ನೆಲ್ಲ ಸಾಲಾಗಿ ಕೂರಿಸಿ, ಒಂದು ಗೋಡೆ ಗಡಿಯಾರ ಕೊಟ್ಟು ಕಳಿಸಿದರು.

ಮಾವಶಿ ಅಕ್ಕಲಕೋಟೆ ಸೀಮೆಯ ಹಳ್ಳಿಯವರು. ಮನೆಯಲ್ಲಿ ಕನ್ನಡ, ಸಾಲೆಯಲ್ಲಿ ಮರಾಠಿ. ಗಂಡ ಪಿಂಪ್ರಿಯ ಒಂದು ಫೌಂಡ್ರಿಯಲ್ಲಿದ್ದವರು. ನಾನು ಅವರನ್ನು ನೋಡಿಲ್ಲ, ನನ್ನ ಪರಿಚಯಕ್ಕೆ ಮೊದಲೇ ತೀರಿಕೊಂಡಿದ್ದರು. ಒಬ್ಬಳು ಮಗಳು, ಸೊಲ್ಲಾಪುರಕ್ಕೆ ಕೊಟ್ಟದ್ದು.

ನನ್ನದು ಪುಣೆಯ ಯೆರವಡಾದಲ್ಲಿ ಒಂದು ತಗಡಿನ ಶೆಡ್ಡು. ಜೈಲಿನ ಉದ್ದನೆಯ ಗೋಡೆ ಮುಗಿದು ಎಡಕ್ಕೆ ಹೊರಳಿದರೆ ಪಂಕ್ಚರ್ ಅಂಗಡಿಯ ಪಕ್ಕದ್ದು. ಕಾರುಗಳ ಎ.ಸಿ.ಗೆ ಗ್ಯಾಸ್ ತುಂಬುವುದು ನನ್ನ ಕೆಲಸ. ಹೋಳಿ ಮುಗಿದು ಬಿಸಿಲು ಬಲಿಯುತ್ತಿದ್ದ ಒಂದು ಬೆಳಿಗ್ಗೆ ಮಾವಶಿ ಒಂದು ಸ್ಟೂಲು, ಒಂದು ತಗಡಿನ ಪೆಟ್ಟಿಗೆ ಹಿಡಿದು ನೇರ ಒಳಗೆ ಬಂದರು.

"ತಮ್ಮಾ, ಈ ಕಡಿ ಅರ್ಧ ಖಾಲಿ ಅದಲ್ಲ, ನನಗ ಬಾಡಗಿಗೆ ಕೊಡು."

ಕನ್ನಡ ಕೇಳಿ ನಾನು ಬೆಚ್ಚಿಬಿದ್ದೆ. "ನಾ ಕನ್ನಡದಾಂವ ಅಂತ ಹೆಂಗ ಗೊತ್ತಾತ್ರಿ?"

"ಫೋನಿನ್ಯಾಗ ಹೆಂಡ್ತಿ ಕೂಡ ಜಗಳಾ ಮಾಡ್ತಿದ್ದಿ ನೋಡು ಮೊನ್ನೆ, ರಸ್ತಾದ ಮಟಾ ಕೇಳ್ತಿತ್ತು. ಪಾಪ, ತಪ್ಪು ನಿಂದ ಇತ್ತು."

ಅಷ್ಟು ಹೇಳಿ ಸ್ಟೂಲು ಹಾಕಿಕೊಂಡು ಕೂತೇ ಬಿಟ್ಟರು. ಕಾರ್ಖಾನೆ ಬಿಟ್ಟ ಮೇಲೆ ಒಂದು ವರ್ಷ ಪಿಂಪ್ರಿಯ ಒಬ್ಬ ಮುದುಕ ಎಲೆಕ್ಟ್ರಿಷಿಯನ್ ಬಳಿ ಗಾಡಿ ಬಿಚ್ಚುವುದನ್ನು ಕಲಿತಿದ್ದರು. ಆತ ಅಂಗಡಿ ಮುಚ್ಚಿದ್ದರಿಂದ ಈಗ ಸ್ವಂತ ಜಾಗ ಬೇಕಾಗಿತ್ತು. ನಾನು ಒಪ್ಪಿದ್ದು ಬಾಡಿಗೆಯ ಆಸೆಗೆ. ಐವತ್ತರ ಹೆಂಗಸು ಡ್ಯಾಶ್‌ಬೋರ್ಡಿನ ಕೆಳಗೆ ತಲೆ ತೂರಿಸಿ ಎಷ್ಟು ದಿನ ಮಾಡಿಯಾಳು, ಎರಡು ತಿಂಗಳಲ್ಲಿ ಜಾಗ ಖಾಲಿಯಾಗುತ್ತದೆ ಎಂದು ಮನಸ್ಸಿನಲ್ಲಿ ಲೆಕ್ಕ ಹಾಕಿದ್ದೆ. ಅವರು ನನ್ನೊಂದಿಗೆ ಹನ್ನೊಂದು ವರ್ಷ ಇದ್ದರು.

ಅವರಿಗೆ ಕಾರು ಓಡಿಸಲು ಬರುತ್ತಿರಲಿಲ್ಲ. ಚಾಲಕನ ಸೀಟಿನಲ್ಲಿ ಕೂತರೆ ಕಾಲು ಪೆಡಲ್ಲಿಗೆ ಮುಟ್ಟುತ್ತಿರಲಿಲ್ಲ. ಅಷ್ಟೇ ಅಲ್ಲ, ಗಾಜು ಏರಿಸಿದ ಕಾರಿನಲ್ಲಿ ನಾಲ್ಕು ಮೈಲಿ ಹೋದರೆ ಅವರಿಗೆ ವಾಂತಿ ಬರುತ್ತಿತ್ತು. ಹನ್ನೊಂದು ವರ್ಷವೂ ಬಸ್ಸಿನಲ್ಲೇ ಓಡಾಡಿದರು, ಅದೂ ಕಿಟಕಿಯ ಪಕ್ಕ.

ಆದರೆ ಕೆಟ್ಟ ಗಾಡಿ ಬಂದರೆ ಮೊದಲು ಮಾಡುತ್ತಿದ್ದದ್ದೇ ಆ ಸೀಟಿನಲ್ಲಿ ಕೂರುವುದು. ಅದಕ್ಕೂ ಮೊದಲು ಮಾಲೀಕನಿಗೆ ಪ್ರಶ್ನೆಗಳು. ಎಂದಿನಿಂದ ಹೀಗೆ? ಮಳೆ ಬಂದ ಮೇಲೋ, ಗಾಡಿ ತೊಳೆಸಿದ ಮೇಲೋ? ಹೊಸ ಹಾರ್ನು, ಹೊಸ ದೀಪ ಏನಾದರೂ ಹಾಕಿಸಿದ್ದೀರಾ? ಊರಿಗೆ ಹೋಗಿದ್ದಿರಾ, ಗಾಡಿ ನಿಂತಲ್ಲೇ ನಿಂತಿತ್ತಾ, ಇಲಿ ಗಿಲಿ? ಜನರಿಗೆ ಸಿಟ್ಟು ಬರುತ್ತಿತ್ತು. ನಾನೂ ಮೊದಮೊದಲು ನಗುತ್ತಿದ್ದೆ, ಜಾತಕ ಕೇಳಿದ ಹಾಗಿತ್ತು. ಉತ್ತರಗಳೆಲ್ಲ ಸಿಕ್ಕ ಮೇಲೆ ಅವರು ಸೀಟಿನ ತುದಿಗೆ ಕೂತು ಗಾಳಿಯ ಗುಂಡಿಯನ್ನು ಒಂದು, ಎರಡು, ಮೂರು, ನಾಲ್ಕು ಎಂದು ತಿರುವುತ್ತ, ಕಿವಿಯನ್ನು ಗಾಳಿ ಬರುವ ಕಿಂಡಿಗೆ ಒಡ್ಡುತ್ತಿದ್ದರು. ಆಮೇಲಷ್ಟೇ ಪೆಟ್ಟಿಗೆ ತೆರೆಯುವುದು. ಅದರಲ್ಲಿ ಮೀಟರು ಇತ್ತು, ಆದರೆ ಅವರು ಹೆಚ್ಚು ನೆಚ್ಚಿದ್ದು ತಾವೇ ಕಟ್ಟಿಕೊಂಡ ಟೆಸ್ಟ್ ಲ್ಯಾಂಪನ್ನು. ಹಳೆಯ ಗಾಡಿಯ ಒಂದು ಸಣ್ಣ ಬಲ್ಬು, ಎರಡು ತಂತಿ, ಒಂದರ ತುದಿಗೆ ಗೋಣಿಚೀಲ ಹೊಲಿಯುವ ದಬ್ಬಳ; ಚುಚ್ಚಿದ ಕಡೆ ಕರೆಂಟಿದ್ದರೆ ಬಲ್ಬು ಹತ್ತುತ್ತಿತ್ತು.

ಬಂದ ಎರಡನೆಯ ವಾರದ ಒಂದು ಗಾಡಿ ನೆನಪಿದೆ. ಟ್ಯಾಕ್ಸಿ. ಫ್ಯಾನು ಒಂದು, ಎರಡು, ಮೂರರಲ್ಲಿ ಸತ್ತಿತ್ತು, ನಾಲ್ಕರಲ್ಲಿ ಮಾತ್ರ ಬಿರುಗಾಳಿಯಂತೆ ಬೀಸುತ್ತಿತ್ತು. ಟ್ಯಾಕ್ಸಿಯವನು ನನ್ನನ್ನು ಕರೆದು, "ಈ ಹೆಂಗಸು ಮಿಕ್ಸರ್ ರಿಪೇರಿ ಮಾಡುವವಳೇನು?" ಎಂದು ಹಿಂದಿಯಲ್ಲಿ ಮೆಲ್ಲಗೆ ಕೇಳಿದ. ಮಾವಶಿಗೆ ಕೇಳಿಸಿತ್ತು, ಕೇಳದವರಂತೆ ಇದ್ದರು. ಹತ್ತು ನಿಮಿಷದಲ್ಲಿ ಎಡಗಡೆಯ ಖಾನೆ ಬಿಚ್ಚಿ ಅದರ ಹಿಂದಿನಿಂದ ಸುಟ್ಟು ಕಪ್ಪಾದ ಒಂದು ಬಿಲ್ಲೆಯನ್ನು ಹೊರತೆಗೆದರು. ಫ್ಯಾನಿನ ವೇಗ ತಗ್ಗಿಸುವ ರೆಸಿಸ್ಟರು ಅದು. ಅದು ಸುಟ್ಟರೆ ಪೂರ್ತಿ ವೇಗವೊಂದೇ ಉಳಿಯುವುದು. ಟ್ಯಾಕ್ಸಿಯವನ ಮುಖ ಅರಳಿತು, ಹೊಸತು ಹಾಕಿ ಕೊಡಿ, ಹೊರಡುತ್ತೇನೆ ಎಂದ.

"ತಡೀರಿ. ಇದು ಯಾಕ ಸುಟ್ಟಿತು ಅಂತ ನೋಡಬೇಕಲ್ಲ," ಎಂದು ಮಾವಶಿ ಮತ್ತೆ ಕೆಳಗೆ ತೂರಿದರು. ಫ್ಯಾನಿನ ಮೋಟರನ್ನೇ ಕೆಳಗಿಳಿಸಿದರು. ಅದರ ರೆಕ್ಕೆಗಳಲ್ಲಿ ಒಂದು ಹಿಡಿ ಗುಲ್‌ಮೊಹರಿನ ಒಣ ಎಲೆ, ಧೂಳು ಕೂಡಿ ಗಟ್ಟಿ ಗೂಡಾಗಿತ್ತು. ಮೋಟರು ಬಿಗಿಯಾಗಿ ತಿರುಗುತ್ತ ಹೆಚ್ಚು ಕರೆಂಟು ಎಳೆಯುತ್ತಿತ್ತು. ಎಲ್ಲವನ್ನೂ ತೆಗೆದು, ಒರೆಸಿ, ಬೆರಳಿನಿಂದ ತಿರುಗಿಸಿ ಹಗುರವಾದದ್ದು ಖಾತ್ರಿಯಾದ ಮೇಲೆ ಹೊಸ ಬಿಲ್ಲೆ ಕೂರಿಸಿದರು. ಆ ಎಲೆಗಳನ್ನು ಒಂದು ಕಾಗದದಲ್ಲಿ ಕಟ್ಟಿ ಟ್ಯಾಕ್ಸಿಯವನ ಕೈಗೆ ಕೊಟ್ಟು, "ಮಿಕ್ಸರ್‌ನಾಗ ಹಾಕಿ ರುಬ್ಬರಿ," ಎಂದರು, ಮರಾಠಿಯಲ್ಲಿ. ಅವನು ತಿಂಗಳಿಗೊಬ್ಬ ಟ್ಯಾಕ್ಸಿಯವನನ್ನಾದರೂ ಕರೆತರುತ್ತಿದ್ದ ಆಮೇಲೆ.

ಹೀಗೆಲ್ಲ ಇದ್ದರೂ ಬಂದವರಿಗೆ ನಾನು ಹೇಳುತ್ತಿದ್ದದ್ದು "ನಮ್ಮಲ್ಲಿ ವೈರಿಂಗ್ ನೋಡಲಿಕ್ಕೂ ಒಬ್ಬರಿದ್ದಾರೆ" ಎಂದು. ಮಾವಶಿ ಅದನ್ನು ಒಮ್ಮೆಯೂ ತಿದ್ದಲಿಲ್ಲ. ನಾನು ಐ.ಟಿ.ಐ. ಓದಿದವನು, ಶೆಡ್ಡು ನನ್ನದು. ಅವರಿಂದ ಕಲಿಯುವುದೇನಾದರೂ ಇದೆ ಎಂದು ಒಪ್ಪಿಕೊಳ್ಳಲು ನನಗೆ ಒಂದು ಪೆಟ್ಟು ಬೇಕಾಗಿತ್ತು.

ಆ ಪೆಟ್ಟು ಮೂರನೆಯ ಬೇಸಿಗೆಯಲ್ಲಿ ಬಿತ್ತು. ಕುಂದಾಪುರದ ಕಡೆಯ ಒಬ್ಬ ಹೋಟೆಲ್ ಮಾಲೀಕರು, ವಯಸ್ಸಾದವರು, ನನ್ನ ಖಾಯಂ ಗಿರಾಕಿ. ಅವರ ಕಾರಿನಲ್ಲಿ ಹೊರಟ ಅರ್ಧ ಗಂಟೆ ತಣ್ಣನೆ ಗಾಳಿ, ಆಮೇಲೆ ಬಿಸಿ. ನಿಲ್ಲಿಸಿ ಗಾಡಿ ಆರಿದರೆ ಮತ್ತೆ ತಣ್ಣಗೆ. ಅವರ ಹೆಂಡತಿಗೆ ಉಸಿರಿನ ತೊಂದರೆ. ವಾರಕ್ಕೆರಡು ಸಲ ಆಸ್ಪತ್ರೆಗೆ ಕರೆದೊಯ್ಯಬೇಕಿತ್ತು, ಗಾಜು ಇಳಿಸಿದರೆ ಧೂಳು, ಏರಿಸಿದರೆ ಬೇಗೆ. ಅಂದು ಮಾವಶಿ ಮಗಳ ಮನೆಗೆ ಹೋಗಿದ್ದರು. ನಾನು ಗ್ಯಾಸಿನ ಒತ್ತಡ ನೋಡಿದೆ, ಸರಿಯಿತ್ತು. ಸರಿಯಿದ್ದೂ ತಣ್ಣಗಾಗುತ್ತಿಲ್ಲವೆಂದರೆ ಕಂಪ್ರೆಸರ್ ಹೋಗಿದೆ ಎಂದು ತೀರ್ಪು ಕೊಟ್ಟೆ. ಅವರು ನನ್ನ ಮಾತಿನ ಮೇಲೆ ಹೊಸತು ಹಾಕಿಸಿದರು.

ಮಾವಶಿ ಮರುದಿನ ಬಂದರು. ಮೂಲೆಯಲ್ಲಿ ಬಿದ್ದಿದ್ದ ಹಳೆಯ ಕಂಪ್ರೆಸರನ್ನು ಕಾಲಿನಿಂದ ಹೊರಳಿಸಿ ಕೇಳಿದರು:

"ಇದಕ್ಕ ಏನಾಗ್ಯಾದ?"

"ಹೋಗ್ಯಾದ್ರಿ. ಕಾಯ್ದ ಮ್ಯಾಗ ಬಂದ್ ಬೀಳ್ತಿತ್ತು."

"ಬಂದ್ ಬಿದ್ದಾಗ ಇದರ ಕ್ಲಚ್ಚಿಗೆ ಕರೆಂಟ್ ಬರ್ತಿತ್ತೇನು, ನೋಡಿದ್ಯಾ?"

ನಾನು ನೋಡಿರಲಿಲ್ಲ. ಕಂಪ್ರೆಸರಿನ ತುದಿಯಲ್ಲಿ ಒಂದು ಅಯಸ್ಕಾಂತವಿರುತ್ತದೆ. ಕರೆಂಟು ಬಂದರೆ ಅದು ಚಕ್ರವನ್ನು ಎಳೆದು ಹಿಡಿಯುತ್ತದೆ, ಕಂಪ್ರೆಸರ್ ತಿರುಗುತ್ತದೆ. ಕರೆಂಟು ಕಡಿಮೆಯಾದರೆ ಹಿಡಿತ ಬಿಡುತ್ತದೆ. ಅದಕ್ಕೇ ಕ್ಲಚ್ಚು ಎನ್ನುವುದು. ಮಾವಶಿ ಬ್ಯಾಟರಿಯಿಂದ ಎರಡು ತಂತಿ ಎಳೆದು ಆ ಹಳೆಯದಕ್ಕೆ ಮುಟ್ಟಿಸಿದರು. 'ಟಕ್' ಎಂದಿತು. ಬಿಟ್ಟು ಮತ್ತೆ ಮುಟ್ಟಿಸಿದರು. 'ಟಕ್'. ಹೀಗೆ ಮುಟ್ಟಿಸಿಯೇ ಅರ್ಧ ಗಂಟೆ ಬಿಟ್ಟರು. ಅದು ಕಾದು ಸುಡುವಂತಾದರೂ ಹಿಡಿತ ಬಿಡಲಿಲ್ಲ. ಹಳೆಯದರಲ್ಲಿ ತಪ್ಪಿರಲಿಲ್ಲ. ಅವರು ತಂತಿ ಸುತ್ತಿಟ್ಟು ಚಪಾತಿಯ ಡಬ್ಬಿ ತೆರೆದರು.

ಮೂರನೆಯ ದಿನ ಹೋಟೆಲಿನವರು ತಿರುಗಿ ಬಂದರು. "ಎಂತ ಮಾರಾಯ್ರೆ, ಹೊಸತು ಹಾಕಿ ಮೂರು ದಿನ ಆಗ್ಲಿಲ್ಲ, ಮತ್ತೆ ಬಿಸಿಗಾಳಿ! ನಿನ್ನೆ ಇವಳಿಗೆ ಆಸ್ಪತ್ರೆ ಬಾಗಿಲಲ್ಲಿ ಕಣ್ಣು ಕತ್ತಲೆ ಬಂತು."

ಮಾವಶಿ ಅವರನ್ನು ನೆರಳಲ್ಲಿ ಕೂರಿಸಿ ಪ್ರಶ್ನೆ ಶುರುಮಾಡಿದರು. ಚಳಿಗಾಲದಲ್ಲಿ ಜೋಡಿ ಹಾರ್ನು ಹಾಕಿಸಿದ್ದು ಹೊರಬಿತ್ತು. ಹಾರ್ನಿನ ಪಕ್ಕದಲ್ಲೇ, ದೀಪದ ಹಿಂದೆ, ಗಾಡಿಯ ಮೈಗೆ ಬೋಲ್ಟ್ ಮಾಡಿದ್ದ ಒಂದು ಕಪ್ಪು ತಂತಿ. ಕ್ಲಚ್ಚಿನ ಅರ್ಥಿಂಗ್ ಅದು. ಹಾರ್ನು ಕೂರಿಸಿದವನು ಅದನ್ನು ಸಡಿಲಿಸಿ, ಮತ್ತೆ ಬಿಗಿಯದೆ ಹೋಗಿದ್ದ. ತುಕ್ಕು ಹಿಡಿದಿತ್ತು. ಗಾಡಿ ತಣ್ಣಗಿದ್ದಾಗ ಹೇಗೋ ಸಾಕಾಗುವಷ್ಟು ಕರೆಂಟು, ಕಾದ ಮೇಲೆ ಸಾಲದು. ಮಾವಶಿ ಬೋಲ್ಟು ಬಿಚ್ಚಿ, ಉಸುಕಿನ ಕಾಗದದಿಂದ ಉಜ್ಜಿ ಬಿಗಿದರು. ಎಲ್ಲ ಸೇರಿ ಇಪ್ಪತ್ತು ನಿಮಿಷದ ಕೆಲಸ.

ಆಮೇಲೆ ನನ್ನನ್ನು ಶೆಡ್ಡಿನ ಹಿಂದೆ ಕರೆದರು. "ನೀ ಹೇಳ್ತಿಯೋ, ನಾ ಹೇಳ್ಲೋ?"

"ಏನ್ ಹೇಳೂದ್ರಿ ಮಾವಶಿ? ಹೊಸದ ಹಾಕಿದ್ದು ಹಾಕಿದ್ದಾತು. ಈಗ ಸರಿ ಆಗ್ಯಾದಲ್ಲ."

"ಅವ್ರು ಮನಿ ಮುಟ್ಟಿ ಹೆಂಡ್ತಿಗಿ ಹೇಳ್ತಾರ, ಕಂಪ್ರೆಸರ್ ಹೋಗಿತ್ತು ಅಂತ. ಆ ಸುಳ್ಳು ಅವ್ರ ಬಾಯಾಗ ಇಟ್ಟಾಂವ ನೀನು. ತಪ್ಪು ಎಲ್ಲಾರ ಕೈಲಿಂದ ಆಗ್ತದ ತಮ್ಮಾ. ನಾ ಪರೀಕ್ಷಾದ ಮೇಜಿನ್ಯಾಗ ಎಷ್ಟ ಮಂದಿ ತಪ್ಪು ನೋಡೀನಿ, ನನ್ನವೂ ನೋಡೀನಿ. ಹೇಳಿಬಿಟ್ರ ಅದು ಅಲ್ಲಿಗೆ ನಿಲ್ತದ."

ಹೇಳಿದೆ. ಕಂಪ್ರೆಸರ್ ಕೆಟ್ಟಿರಲಿಲ್ಲ, ತಪ್ಪು ನನ್ನದು ಎಂದೆ. ಹಳೆಯದನ್ನೇ ತಿರುಗಿ ಹಾಕಿಕೊಡುತ್ತೇನೆ, ಹೊಸತನ್ನು ಅಂಗಡಿಗೆ ಹಿಂದಿರುಗಿಸಿ ನಿಮ್ಮ ದುಡ್ಡನ್ನು ನಿಮಗೆ ಮುಟ್ಟಿಸುತ್ತೇನೆ ಎಂದೆ. ಆ ಹಿರಿಯರು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತೇನೋ. "ಆಯ್ತು," ಎಂದಷ್ಟೇ ಹೇಳಿ ಎದ್ದರು. ಮರುದಿನ ನಾನು ಹೇಳಿದಂತೆ ಮಾಡಿಕೊಟ್ಟೆ. ಅವರು ನನ್ನ ಬಳಿ ಮತ್ತೆ ಬರಲಿಲ್ಲ. ಬೇರೆ ಯಾರನ್ನಾದರೂ ಕಳಿಸುತ್ತಿದ್ದರು, ಅವರೆಲ್ಲ ಒಳಗೆ ಬರುತ್ತಲೇ, "ಆ ಅಮ್ಮ ಇದ್ದಾರಾ?" ಎಂದು ಕೇಳುತ್ತಿದ್ದರು.

ಅಲ್ಲಿಂದ ನಾನು ಕಲಿಯಲು ಶುರುಮಾಡಿದೆ. ಕಲಿಸುತ್ತೇನೆ ಎಂದು ಅವರು ಹೇಳಲಿಲ್ಲ, ಕಲಿಸಿ ಎಂದು ನಾನೂ ಕೇಳಲಿಲ್ಲ. ಅವರು ಡ್ಯಾಶ್‌ಬೋರ್ಡಿನ ಕೆಳಗೆ ಮಲಗಿದ್ದಾಗ ನಾನು ಟಾರ್ಚು ಹಿಡಿಯುತ್ತಿದ್ದೆ, ಅವರು ತಮ್ಮಷ್ಟಕ್ಕೆ ಮಾತಾಡುತ್ತಿದ್ದರು: ಬ್ಯಾಟರಿಯಿಂದ ಫ್ಯೂಸಿಗೆ ಬಂತು, ಫ್ಯೂಸಿನಿಂದ ರಿಲೇಗೆ ಬಂತು, ರಿಲೇಯಿಂದ ಮುಂದಕ್ಕೆ ಬರಲಿಲ್ಲ. ಮನೆ ಬಿಟ್ಟ ಮಗು ಸಾಲೆ ಮುಟ್ಟಲಿಲ್ಲವೆಂದರೆ ಯಾವ ಓಣಿಯವರೆಗೆ ಕಂಡಿತ್ತು ಎಂದು ವಿಚಾರಿಸುತ್ತಾರಲ್ಲ, ಹಾಗೆ. ಸುಮ್ಮನೆ ಊಹಿಸಿ ಸಾಮಾನು ಬದಲಿಸುವವರ ಮೇಲೆ ಅವರಿಗೆ ಬಹಳ ಸಿಟ್ಟು. "ಮೊದ್ಲ ಕೇಳು, ಆಮ್ಯಾಗ ಬಿಚ್ಚು," ಎನ್ನುತ್ತಿದ್ದರು.

ಜೋರಾಗಿ ಬೈದದ್ದನ್ನು ಕಂಡದ್ದು ಒಮ್ಮೆ ಮಾತ್ರ. ಜುಲೈ ತಿಂಗಳು, ಎಂಟು ದಿನದಿಂದ ಬಿಡದೆ ಮಳೆ. ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಶಾಲೆಯ ಮಕ್ಕಳನ್ನು ಒಯ್ಯುವ ಒಂದು ವ್ಯಾನು ಬಂತು. ಚಾಲಕ ನಲವತ್ತರ ಮರಾಠಿಯವನು, ಒಳ್ಳೆಯ ಮನುಷ್ಯ. ಫ್ಯಾನು ತಿರುಗುತ್ತಿಲ್ಲ, ಹದಿನಾಲ್ಕು ಮಕ್ಕಳ ಉಸಿರಿಗೆ ಮುಂದಿನ ಗಾಜು ಒಳಗಿನಿಂದ ಮಂಜುಗಟ್ಟುತ್ತದೆ, ಒಂದು ಕೈಯಲ್ಲಿ ಒರೆಸುತ್ತ ಒಂದು ಕೈಯಲ್ಲಿ ಓಡಿಸುತ್ತಿದ್ದೇನೆ ಎಂದ. ಫ್ಯೂಸು ಪದೇ ಪದೇ ಹೋಗುತ್ತಿತ್ತಂತೆ. ದಾರಿಯಲ್ಲಿ ಯಾರೋ ದೊಡ್ಡ ಫ್ಯೂಸು ಹಾಕಿಕೊಟ್ಟರು, ಎರಡು ದಿನ ಚೆನ್ನಾಗಿತ್ತು, ಇವತ್ತು ಬೆಳಿಗ್ಗೆ ಮತ್ತೆ ನಿಂತಿತು. "ಇನ್ನೂ ದೊಡ್ಡದೊಂದು ಹಾಕಿ ಕೊಡಿ, ಎರಡೂವರೆಗೆ ಸಾಲೆ ಬಿಡುತ್ತದೆ."

ಮಾವಶಿ ಬಾಗಿಲು ತೆಗೆದು ತಲೆ ಒಳಗೆ ಹಾಕಿದವರು ಹಾಗೇ ನಿಂತರು. ಮೂಗಿನಲ್ಲಿ ಎರಡು ಸಲ ಗಾಳಿ ಎಳೆದುಕೊಂಡರು. ಕೀಲಿ ಕಿತ್ತುಕೊಂಡು ಸೆರಗಿನ ತುದಿಗೆ ಗಂಟು ಹಾಕಿದರು. "ಬ್ಯಾಟರಿ ತಂತಿ ಬಿಚ್ಚು ತಮ್ಮಾ, ಮೊದ್ಲ!"

ಬಿಚ್ಚಿದೆ. ಡ್ಯಾಶ್‌ಬೋರ್ಡಿನ ಕೆಳಗಿನ ಹಲಗೆ ತೆಗೆದಾಗ ನನಗೂ ಆ ವಾಸನೆ ಹತ್ತಿತು. ಫ್ಯಾನಿನ ತಂತಿಯ ಪ್ಲಾಸ್ಟಿಕ್ಕು ಮೇಣದಂತೆ ಕರಗಿ ಪಕ್ಕದ ನಾಲ್ಕು ತಂತಿಗಳಿಗೆ ಅಂಟಿಕೊಂಡಿತ್ತು. ಅದರ ಕೆಳಗೇ ಕಾರ್ಪೆಟ್ಟು, ಒಂದು ಮೂಲೆ ಕಂದಿತ್ತು. ತಂತಿ ತಾಳಲಾರದಷ್ಟು ಕರೆಂಟು ಹರಿದಾಗ ಫ್ಯೂಸು ತಾನು ಸುಟ್ಟು ಗಾಡಿ ಉಳಿಸಬೇಕು. ದೊಡ್ಡ ಫ್ಯೂಸು ಸುಡದೆ ಕೂತಿತ್ತು, ತಂತಿ ಸುಡುತ್ತಿತ್ತು.

ಚಾಲಕನಿಗೆ ಅದರ ಅರಿವಿರಲಿಲ್ಲ. ಅವನ ಕಣ್ಣು ಗಡಿಯಾರದ ಮೇಲೆ. "ಚಾವಿ ದ್ಯಾ ಮಾವಶಿ," ಎಂದು ಕೀಲಿಗೆ ಕೈ ಚಾಚಿದ. ಫ್ಯಾನು ಬೇಡ, ಹೀಗೇ ಒಯ್ಯುತ್ತೇನೆ, ಸಂಜೆ ತಂದು ಬಿಡುತ್ತೇನೆ, ಹೊತ್ತಾದರೆ ಶಾಲೆಯವರು ನನ್ನನ್ನು ತೆಗೆದುಹಾಕುತ್ತಾರೆ ಎಂದ. ದನಿ ಏರಿತು. ಪಂಕ್ಚರ್ ಅಂಗಡಿಯವರು ಬಂದು ನಿಂತರು.

ಮಾವಶಿಯ ದನಿ ಅವನಿಗಿಂತ ಮೇಲೇರಿತು. ಮರಾಠಿಯಲ್ಲಿ ಶುರುವಾದದ್ದು ಕನ್ನಡಕ್ಕೆ ಹೊರಳಿದ್ದು ಅವರಿಗೇ ತಿಳಿಯಲಿಲ್ಲ. "ಗಾಡಿ ತಗೊಂಡು ಹೋಗ್ತೀಯಾ? ಹದಿನಾಲ್ಕು ಕೂಸು ಒಳಗ ಕುಂಡ್ರಿಸ್ಕೊಂಡು? ನನ್ನ ಕೈ ಮುರದು ತಗೊಂಡು ಹೋಗು ಕೀಲಿ!"

ಅವನಿಗೆ ಕನ್ನಡ ಬಾರದು. ಆದರೂ ಚಾಚಿದ ಕೈ ಕೆಳಗಿಳಿಯಿತು. ಮಾವಶಿ ಅವನ ಕೈ ಹಿಡಿದೆಳೆದು ಡ್ಯಾಶ್‌ಬೋರ್ಡಿನ ಕೆಳಗೆ ಬಗ್ಗಿಸಿ ಆ ಕರಗಿದ ಗಂಟನ್ನು ಮುಟ್ಟಿಸಿದರು. ಅದಿನ್ನೂ ಬೆಚ್ಚಗಿತ್ತು. ಅವನು ಮತ್ತೆ ಕೀಲಿ ಕೇಳಲಿಲ್ಲ. ಅವನ ಮಗಳೂ ಅದೇ ವ್ಯಾನಿನಲ್ಲಿ ಬರುತ್ತಾಳೆಂದು ಆಮೇಲೆ ಹೇಳಿದ.

ಮಕ್ಕಳನ್ನು ನನ್ನ ಕಾರಿನಲ್ಲಿ ತಂದೆವು. ಅವನು ಶಾಲೆಗೆ ಫೋನು ಮಾಡಿ ತಿಳಿಸಿದ. ಒಂದು ಸಲಕ್ಕೆ ಐದು ಮಕ್ಕಳಂತೆ ಮೂರು ಸುತ್ತು. ಪ್ರತಿ ಸುತ್ತಿನಲ್ಲೂ ಅವನು ಮಕ್ಕಳನ್ನು ಅವರವರ ಬಾಗಿಲಿಗೆ ಕೊಡೆ ಹಿಡಿದು ಮುಟ್ಟಿಸಿದ. ನಾನು ತಿರುಗಿ ಬಂದಾಗ ನಾಲ್ಕೂವರೆ. ಮಾವಶಿ ಸ್ಟೂಲಿನ ಮೇಲೆ ಕೂತು ಅಂಗೈಯಲ್ಲಿ ಏನನ್ನೋ ಹಿಡಿದುಕೊಂಡಿದ್ದರು. ಒಂದೂವರೆ ಅಂಗುಲದ ಒಂದು ಸ್ಕ್ರೂ. ಶಾಲೆಯ ಹೊಸ ನಿಯಮದಂತೆ ವ್ಯಾನಿನೊಳಗೆ ಕ್ಯಾಮೆರಾ ಕೂರಿಸಿದ್ದರು. ಕೂರಿಸಿದವನು ಹಲಗೆಯ ಹಿಂದೆ ಏನಿದೆ ಎಂದು ನೋಡದೆ ತಿರುಪಿದ ಸ್ಕ್ರೂ ವೈರಿಂಗಿನ ಕಟ್ಟಿಗೇ ಚುಚ್ಚಿತ್ತು. ಗಾಡಿ ಗುಂಡಿಗೆ ಇಳಿದು ಕುಲುಕಿದಾಗಲೆಲ್ಲ ಫ್ಯಾನಿನ ತಂತಿ ಕಬ್ಬಿಣಕ್ಕೆ ತಾಗುತ್ತಿತ್ತು.

ಸುಟ್ಟ ತಂತಿಗಳನ್ನು ಕತ್ತರಿಸಿ ಹೊಸತು ಜೋಡಿಸಿ ಮುಗಿಸುವಾಗ ಮರುದಿನ ಮಧ್ಯಾಹ್ನವಾಗಿತ್ತು. ಗಾಜಿನ ಮೇಲೆ ಬಿಸಿಗಾಳಿ ಬೀಸಿ ಮಂಜು ಕರಗಿ ರಸ್ತೆ ಕಾಣತೊಡಗಿದಾಗ ಚಾಲಕ ಗಾಜು ಒರೆಸುವ ಬಟ್ಟೆಯನ್ನು ಮಡಿಸಿ ಸೀಟಿನ ಕೆಳಗಿಟ್ಟ. ಅದೇ ವಾರ ಆ ಶಾಲೆಯ ಉಳಿದ ಐದು ವ್ಯಾನುಗಳನ್ನೂ ಅವನೇ ಒಂದೊಂದಾಗಿ ತಂದು ನಿಲ್ಲಿಸಿದ. ಎಲ್ಲಕ್ಕೂ ಕ್ಯಾಮೆರಾ ಕೂರಿಸಿದವನು ಒಬ್ಬನೇ ಆಗಿದ್ದ. ಇನ್ನೊಂದು ವ್ಯಾನಿನಲ್ಲೂ ಸ್ಕ್ರೂ ತಂತಿಯ ಕಟ್ಟಿನ ಮೈಗೆ ಆತುಕೊಂಡಿತ್ತು, ಇನ್ನೂ ಒಳಗೆ ಇಳಿದಿರಲಿಲ್ಲ. ಅದನ್ನು ಬಿಚ್ಚಿ ತೆಗೆಯುವಾಗ ಮಾವಶಿಯ ಬೆರಳುಗಳಿಂದ ಸ್ಕ್ರೂ ಎರಡು ಸಲ ಜಾರಿ ಬಿತ್ತು. ಸಿಟ್ಟಿಗೆ ಎಂದುಕೊಂಡೆ.

ಸಿಟ್ಟಿಗಾಗಿರಲಿಲ್ಲ. ಅವರಿಗೆ ಸಕ್ಕರೆ ಕಾಯಿಲೆ ಬಂದು ವರ್ಷಗಳಾಗಿದ್ದವು, ಯಾರಿಗೂ ಹೇಳಿರಲಿಲ್ಲ. ಒಂದು ದಿನ ಬೆಸುಗೆ ಹಾಕುತ್ತ ಕೂತವರು ತಟ್ಟನೆ ಕೈ ಎತ್ತಿ ನೋಡಿಕೊಂಡರು. ತೋರುಬೆರಳು ಕಾದ ಕಡ್ಡಿಗೆ ತಾಗಿ ಬೊಬ್ಬೆ ಎದ್ದಿತ್ತು.

"ವಾಸನಿ ಬಂತು ತಮ್ಮಾ. ವಾಸನಿ ಬಂದ ಮ್ಯಾಗ ಗೊತ್ತಾತು, ನನ್ನ ಬೆರಳು ಅಂತ."

ನಾನು ಓಡಿಹೋಗಿ ನೀರು ತಂದೆ. ಅವರು ಬೆರಳನ್ನು ನೀರಿನಲ್ಲಿ ಅದ್ದಿದರು. ಕಣ್ಣು ಹೋದರೂ ಕೆಲಸ ನಡೆಸಿಯಾರು, ಬೆರಳು ಹೋದರೆ ಹೇಗೆ? ಮರುದಿನ ಬಂದು ಪೆಟ್ಟಿಗೆಯನ್ನು ನನ್ನ ಕಡೆ ತಳ್ಳಿದರು. "ಇನ್ನ ಮ್ಯಾಲ ನೀ ಬಿಚ್ಚು, ನಾ ಕೇಳ್ತೀನಿ." ಮುಂದಿನ ಎರಡು ವರ್ಷ ಅವರು ಸ್ಟೂಲಿನ ಮೇಲೆ ಕೂತೇ ಶೆಡ್ಡು ನಡೆಸಿದರು. ನಾನು ಡ್ಯಾಶ್‌ಬೋರ್ಡಿನ ಕೆಳಗಿನಿಂದ ಕಂಡದ್ದನ್ನೆಲ್ಲ ಕೂಗಿ ಹೇಳಬೇಕು, ಅವರು ಕಣ್ಣು ಮುಚ್ಚಿ ಕೇಳಿ, "ಹಳದಿ ತಂತಿ ಮ್ಯಾಲ ಕೆಂಪು ಗೆರಿ ಅದೇನು? ಅದರ ಬೆನ್ನ ಹತ್ತು," ಎನ್ನಬೇಕು. ಅಪರೂಪಕ್ಕೆ ನಾನೇ ಮೊದಲು ಕಂಡುಹಿಡಿದರೆ ಹೊಗಳುತ್ತಿರಲಿಲ್ಲ. ಅಂದು ಅವರ ಡಬ್ಬಿಯ ಶೇಂಗಾ ಚಟ್ನಿಯಲ್ಲಿ ನನಗೆ ಹೆಚ್ಚು ಪಾಲು ಬರುತ್ತಿತ್ತು.

ಆಮೇಲೆ ಆ ಜೋಮು ಕಾಲಿಗೂ ಇಳಿಯಿತು. ಮಗಳು ಸೊಲ್ಲಾಪುರಕ್ಕೆ ಕರೆದೊಯ್ದಳು. ಹೋಗುವ ದಿನ ಕಾರು ಮಾಡಿಕೊಡುತ್ತೇನೆ ಎಂದರೂ ಕೇಳದೆ ಬಸ್ಸನ್ನೇ ಹತ್ತಿದರು. ಅಲ್ಲಿಂದ ವಾರಕ್ಕೊಮ್ಮೆ ಫೋನು. ಕ್ಷೇಮ ಸಮಾಚಾರ ಒಂದು ಮಾತಿನಲ್ಲಿ ಮುಗಿಯುತ್ತಿತ್ತು. "ಅದಿರ್ಲಿ, ಏನ್ ಬಂದದ ಇವತ್ತ?" ನಾನು ಗಾಡಿಯ ತಕರಾರು ಹೇಳುತ್ತಿದ್ದೆ, ಆ ಕಡೆಯಿಂದ ಪ್ರಶ್ನೆಗಳು ಬರುತ್ತಿದ್ದವು. ಕೊನೆಯ ಸಲ ಮಾತಾಡಿದಾಗ ಹೀಟರ್ ಹಾಕಿದರೂ ತಣ್ಣನೆ ಗಾಳಿ ಬರುವ ಒಂದು ಗಾಡಿಯಿತ್ತು. ಅವರು ಪ್ರಶ್ನೆ ಕೇಳುವ ಮೊದಲೇ ನಾನು ಎಲ್ಲ ಹೇಳಿಬಿಟ್ಟೆ: ಬಿಸಿಗೂ ತಂಪಿಗೂ ನಡುವಿನ ಬಾಗಿಲು ತಿರುಗಿಸುವ ಸಣ್ಣ ಮೋಟರಿಗೆ ಕರೆಂಟು ಬರುತ್ತಿದೆ, ಬಾಗಿಲು ತಿರುಗುತ್ತಿಲ್ಲ, ಗಿಯರಿನ ಹಲ್ಲು ಮುರಿದಿದೆ.  "ಹಂಗಾದ್ರ ನನ್ನ ಯಾಕ ಕೇಳ್ತಿ?" ಎಂದರು. ನಗುತ್ತಿದ್ದರು.

ಐದು ದಿನದ ಮೇಲೆ ಮಗಳು ಫೋನು ಮಾಡಿದಳು.

ಮಣ್ಣು ಅವರ ಹುಟ್ಟೂರಿನಲ್ಲೇ ಎಂದು ತೀರ್ಮಾನಿಸಿದ್ದರು. ಬೆಳಗಿನ ಜಾವ ಹೊರಟು ಹತ್ತು ಗಂಟೆಗೆ ಮುಟ್ಟಿದೆ. ಹೊಲದ ಅಂಚಿನಲ್ಲಿ ಕುಣಿ ತೋಡಿದ್ದರು, ಅವರನ್ನು ಕೂರಿಸಿ ವಿಭೂತಿ ಹಚ್ಚಿದ್ದರು, ಮಡಿಲ ತುಂಬ ಬಿಲ್ವಪತ್ರೆ. ನೆರೆದವರಲ್ಲಿ ನನಗೆ ಮಗಳೊಬ್ಬಳೇ ಗೊತ್ತು; ಅವಳು ಹೆಂಗಸರ ನಡುವೆ ಇದ್ದಳು. ಪುಣೆಯಲ್ಲಿ ಅವರು ಯಾವುದೋ ಕಂಪನಿಯಲ್ಲಿದ್ದರು ಎಂಬುದಕ್ಕಿಂತ ಹೆಚ್ಚು ಅಲ್ಲಿ ಯಾರಿಗೂ ತಿಳಿದಂತಿರಲಿಲ್ಲ. ನಾನು ದೂರ, ಬೇವಿನ ಗಿಡದ ಬಳಿ ನಿಂತಿದ್ದೆ.

ಮೊದಲು ಮನೆಯವರು, ಆಮೇಲೆ ಬಳಗದವರು ಒಬ್ಬೊಬ್ಬರಾಗಿ ಹಿಡಿ ಮಣ್ಣು ಹಾಕುತ್ತಿದ್ದರು. ಅದನ್ನು ನಡೆಸಿಕೊಡುತ್ತಿದ್ದ ಹಿರಿಯರೊಬ್ಬರ ಕಣ್ಣು ನನ್ನ ಮೇಲೆ ಬಿತ್ತು.

"ನೀವು ಎಲ್ಲಿಂದ ಬಂದೀರಿ?"

"ಪುಣೆದಿಂದ್ರಿ."

"ಇವ್ರಿಗಿ ಏನಾಗಬೇಕು ನೀವು?"

ಶೆಡ್ಡಿನ ಮಾಲೀಕ ಎನ್ನಬಹುದಿತ್ತು. ಜೊತೆಗೆ ಕೆಲಸ ಮಾಡುತ್ತಿದ್ದೆವು ಎಂದರೂ ಸುಳ್ಳಾಗುತ್ತಿರಲಿಲ್ಲ. ಹನ್ನೊಂದು ವರ್ಷ ಬಂದವರಿಗೆಲ್ಲ ಅಂಥದ್ದೇ ಏನೋ ಹೇಳಿಕೊಂಡು ಬಂದಿದ್ದೆ, ಮಾವಶಿ ಅದನ್ನು ತಿದ್ದಿರಲಿಲ್ಲ.

"ಶಿಷ್ಯಾ ರೀ," ಎಂದೆ. "ಇವ್ರ ಕೈಯಾಗ ಕೆಲಸ ಕಲ್ತಾಂವ."

ಆ ಹಿರಿಯರು ನನ್ನನ್ನೊಮ್ಮೆ ನೋಡಿ, ಮುಂದೆ ನಿಂತಿದ್ದ ಬಳಗದವರನ್ನು ಕೈಯಿಂದ ಅತ್ತಿತ್ತ ಸರಿಸಿ ದಾರಿ ಮಾಡಿದರು.

"ಹಂಗಾದ್ರ ಅಲ್ಲ್ಯಾಕ ನಿಂತೀರಿ? ಮುಂದ ಬರ್ರಿ."